ಆಯಿ ನೋಡದೆ ಬಿಟ್ಟ ವಿಡಿಯೋಗಳು

ನನ್ನ ಪಿಎಚ್‌ಡಿಯ ವಿಷಯ ಏನೆಂದು ಬಸ್ಸಿನಲ್ಲಿ ಯಾರಿಗಾದರೂ ಹೇಳಲು ಶುರುಮಾಡಿದರೆ, ಮುಗಿಸುವಷ್ಟರಲ್ಲಿ ಅವರ ಊರು ಬಂದಿರುತ್ತದೆ. ‘ವೈಯಕ್ತೀಕೃತ ಡಿಜಿಟಲ್ ಮಾಧ್ಯಮ ಮತ್ತು ಗ್ರಾಮೀಣ ವೀಕ್ಷಕರ ಅನುಭವ’ ಎಂದು ಶುರುವಾಗಿ ಇನ್ನೂ ಒಂದೂವರೆ ಸಾಲು ಇದೆ. ಆರು ವರ್ಷದಲ್ಲಿ ಅದನ್ನು ಚಿಕ್ಕದು ಮಾಡಿ ಹೇಳುವುದನ್ನಾದರೂ ಕಲಿತೆ: ಫೋನು ತಾನಾಗಿಯೇ ನಮಗೆ ಏನೇನು ತೋರಿಸುತ್ತದೆ, ಅದನ್ನು ನೋಡಿ ನಮಗೆ ಏನನಿಸುತ್ತದೆ, ಅಷ್ಟೇ. ಕೇಳಿದವರು ‘ಅದಕ್ಕೂ ಡಾಕ್ಟರ್ ಪದವಿ ಕೊಡ್ತಾರೇನ್ರಿ?’ ಎನ್ನುತ್ತಾರೆ. ಕೊಡುತ್ತಾರೋ ಇಲ್ಲವೋ ನನಗೂ ಗೊತ್ತಿಲ್ಲ ಎಂದು ಈಚೆಗೆ ಹೇಳತೊಡಗಿದ್ದೇನೆ.

ನಾನು ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ದಿನ ಉಳಿದ ಅತಿಥಿಗೆ ಯಾರ ಮನೆಯಲ್ಲೂ ಚಹಾ ಸಿಗಲಿಕ್ಕಿಲ್ಲ. ಪಿಎಚ್‌ಡಿ ಆದರೆ ಕಾಯಂ ಹುದ್ದೆಗೆ ಅರ್ಜಿ ಹಾಕಬಹುದು, ಆಗದಿದ್ದರೆ ನಲವತ್ತು ದಾಟಿದ ಮೇಲೂ ಪ್ರತಿ ಜೂನ್ ತಿಂಗಳು ‘ಈ ವರ್ಷ ತಗೋತಾರೋ ಇಲ್ಲೋ’ ಎಂದು ಕಾಯಬೇಕು. ನನಗೆ ಆಗ ಮೂವತ್ತೊಂಬತ್ತು. ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿತ್ತು. ಕೊನೆಯ ಗಡುವು ಆಗಸ್ಟ್ ಮುಗಿಯುವುದರೊಳಗೆ. ಅದು ತಪ್ಪಿದರೆ ನೋಂದಣಿಯೇ ರದ್ದು. ನನ್ನ ಮಾರ್ಗದರ್ಶಕರಿಗೂ ಅದೇ ವರ್ಷ ನಿವೃತ್ತಿ. ಧಾರವಾಡದಲ್ಲಿ ಅವರ ಕೋಣೆಗೆ ಹೋದಾಗಲೆಲ್ಲ ನಾವಿಬ್ಬರೂ ಕ್ಯಾಲೆಂಡರ್ ಕಡೆ ನೋಡಿ ಆಮೇಲೆ ಮಾತು ಶುರುಮಾಡುತ್ತಿದ್ದೆವು.

ಅಧ್ಯಯನಕ್ಕೆ ನಾನು ಆರಿಸಿಕೊಂಡದ್ದು ಕುಬಿಹಾಳದ ಒಂದು ಓಣಿ. ಇದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇಲ್ಲ. ನನ್ನ ಮನೆ ಇರುವುದು ಸಂಶಿಯಲ್ಲಿ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಒಂದು ಟಂಟಂ ರಿಕ್ಷಾ ಹಿಡಿದು ಹೋಗಿ ಸಂಜೆಯೊಳಗೆ ತಿರುಗಿ ಬರಬಹುದು. ‘ಸಂಶಿ ಹುಡುಗಿ’ ಎಂದು ಅಲ್ಲಿಯ ಹೆಂಗಸರು ನನ್ನನ್ನು ಒಳಗೆ ಬಿಟ್ಟುಕೊಂಡರು. ತಮ್ಮದೇ ಎನ್ನುವ ಫೋನು ಇರುವ ಹದಿನಾಲ್ಕು ಮಂದಿ ಸಿಕ್ಕರು. ಒಬ್ಬೊಬ್ಬರಿಗೆ ಒಂದೊಂದು ಉದ್ದ ನೋಟ್‌ಬುಕ್ ಕೊಟ್ಟೆ. ಪ್ರತಿ ಪುಟಕ್ಕೂ ನಾನೇ ಸ್ಕೇಲ್ ಹಿಡಿದು ಗೆರೆ ಎಳೆದಿದ್ದೆ: ಎಷ್ಟು ಗಂಟೆಗೆ ನೋಡಿದಿರಿ, ಏನು ನೋಡಿದಿರಿ, ನೀವೇ ಹುಡುಕಿದಿರೋ ತಾನಾಗಿ ಬಂತೋ, ಏನನಿಸಿತು. ಆರು ತಿಂಗಳು ದಿನಾ ತುಂಬಬೇಕು. ಅದಕ್ಕೆ ‘ನೋಟದ ಡೈರಿ’ ಎಂದು ಹೆಸರಿಟ್ಟಿದ್ದೆ. ಹೆಸರಿಟ್ಟ ದಿನ ಬಹಳ ಖುಷಿಯಾಗಿತ್ತು ಎನ್ನುವುದನ್ನು ಈಗ ನೆನೆದರೆ ನಗು ಬರುತ್ತದೆ.

ಅದು ಒಣಮೆಣಸಿನಕಾಯಿಯ ಹಂಗಾಮು. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ಒಂದು ಮನೆಯ ಪಡಸಾಲೆಯಲ್ಲಿ ಸೇರಿ, ಕಾಯಿಯ ತೊಟ್ಟು ಮುರಿದು, ಬಿಳಿಚಿದ ಕಾಯಿಯನ್ನು ಬೇರೆ ಮಾಡುತ್ತಿದ್ದರು. ಆ ಮನೆ, ಓಣಿಯವರೆಲ್ಲ ಆಯಿ, ಅಂದರೆ ಅಜ್ಜಿ, ಎಂದು ಕರೆಯುವ ಮುದುಕಿಯದು. ಆಯಿಗೆ ಎಪ್ಪತ್ತರ ಹತ್ತಿರ. ಓದು ಬರುವುದಿಲ್ಲ. ಮಗ ಹೊಸ ಫೋನು ತೆಗೆದುಕೊಂಡಾಗ ಮೂಲೆ ಒಡೆದ ಹಳೆಯದು ಅವಳ ಪಾಲಿಗೆ ಬಂದಿತ್ತು. ಅದನ್ನು ತಾಮ್ರದ ಕೊಡಕ್ಕೆ ಆನಿಸಿ ನಿಲ್ಲಿಸಿಕೊಂಡು, ಕೈಯಲ್ಲಿ ಕಾಯಿ ಮುರಿಯುತ್ತ ನೋಡುವಳು. ಅವಳ ಡೈರಿಯನ್ನು ಪಿಯುಸಿ ಓದಿದ್ದ ಸೊಸೆ ಬರೆಯುತ್ತಿದ್ದಳು. ಅಕ್ಷರ ಬಾರದ ಇನ್ನೂ ನಾಲ್ಕು ಮಂದಿಯ ಡೈರಿ ಬರೆಯುವ ಕೆಲಸವೂ ಅವಳದೇ.

ಆಯಿ ನೋಡುತ್ತಿದ್ದದ್ದು ಒಂದೇ ಒಂದು ತರಹದ ವಿಡಿಯೋ. ಯಾವುದೋ ದೂರ ದೇಶದಲ್ಲಿ ಗಡ್ಡದ ಮನುಷ್ಯನೊಬ್ಬ ಆಕಳನ್ನು ಕಬ್ಬಿಣದ ಚೌಕಟ್ಟಿನೊಳಗೆ ನಿಲ್ಲಿಸಿ, ಕಾಲನ್ನು ಪಟ್ಟಿಯಿಂದ ಎತ್ತಿಕಟ್ಟಿ, ಬೆಳೆದ ಗೊರಸನ್ನು ಕೆತ್ತುತ್ತಾನೆ. ಕಪ್ಪು ಹೊಲಸೆಲ್ಲ ಹೋಗಿ ಒಳಗಿನ ಬಿಳಿ ಕಾಣುತ್ತದೆ. ಕೆಲವೊಮ್ಮೆ ಒಳಗೆ ಚುಚ್ಚಿಕೊಂಡ ಹರಳು ಸಿಗುತ್ತದೆ. ಕೊನೆಗೆ ಕಾಲು ಇಳಿಸುತ್ತಾನೆ, ಆಕಳು ನಡೆದು ಹೋಗುತ್ತದೆ. ಅಷ್ಟೇ. ಇದು ಮೊದಲು ಅವಳ ಫೋನಿಗೆ ಹೇಗೆ ಬಂತೋ ಯಾರಿಗೂ ಗೊತ್ತಿಲ್ಲ. ಒಂದು ದಿನ ಬಂತು, ಅವಳು ಪೂರಾ ನೋಡಿದಳು, ಮರುದಿನ ಇನ್ನೆರಡು ಬಂದವು.

“ನಮ್ಮಲ್ಲಿ ಎತ್ತಿನ ಕಾಲಿಗೆ ನಾಲಾ ಹೊಡಿಬೇಕಂದ್ರ ಹಗ್ಗಾ ಹಾಕಿ ಕೆಡವತಿದ್ರು ಅಕ್ಕೋರ,” ಎಂದು ಮೊದಲ ಶನಿವಾರವೇ ನನಗೆ ವಿವರಿಸಿದಳು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ. “ನಾಕ ಮಂದಿ ಮ್ಯಾಲ ಕುಂಡ್ರವರು. ಇಂವಾ ನೋಡ್ರಿ, ನಿಲ್ಲಿಸೇ ಮಾಡ್ತಾನ. ಬಡಿಯಂಗಿಲ್ಲ, ಬೈಯಂಗಿಲ್ಲ. ಕಾಲ ಇಳಿಸಿದ ಮ್ಯಾಲ ಅದಕ್ಕ ಎಷ್ಟ ಹಗೂರಾಗಿರತೈತಿ ನೋಡ್ರಿ! ನನಗಽ ಹಗೂರಾದಂಗ ಅನಸ್ತೈತಿ.”

ಅವಳ ಈ ಮಾತನ್ನು ನಾನು ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಆರು ವರ್ಷದ ಸಂಶೋಧನೆಯಲ್ಲಿ ವೀಕ್ಷಕರ ಅನುಭವ ಎನ್ನುವುದು ನನ್ನ ಕಣ್ಣೆದುರು ಬಂದು ಕೂತದ್ದು ಅದೊಂದೇ ಸಲ. ಆಗ ನಾನು ನೋಟ್‌ಬುಕ್ಕಿನ ಗೆರೆ ಸರಿ ಇದೆಯೋ ಇಲ್ಲವೋ ನೋಡುತ್ತಿದ್ದೆ.

ಮೊದಲ ಮೂರು ವಾರ ಡೈರಿಗಳು ಅರ್ಧಕ್ಕರ್ಧ ಖಾಲಿ. ಬರೆದವರೂ ‘ಏನನಿಸಿತು’ ಎಂಬಲ್ಲಿ ‘ಚಲೋ ಅನಿಸಿತು’ ಎಂದು ಮೇಲಿನಿಂದ ಕೆಳಗಿನವರೆಗೆ ಬರೆದಿದ್ದರು. ಕಾಯಿಯ ಘಾಟಿಗೆ ಸೀನುತ್ತ ಪುಟ ತಿರುವುತ್ತಿದ್ದ ನನಗೆ ಸಿಟ್ಟು ಬಂತು. ಅವರ ಮೇಲಿನ ಸಿಟ್ಟಲ್ಲ. ಬಸ್ಸು, ಕಾಲೇಜು, ಗಡುವು ಎಲ್ಲದರ ಸಿಟ್ಟು ಸೇರಿ ಆ ಪಡಸಾಲೆಯಲ್ಲಿ ಹೊರಬಂತು. “ಇದರ ಮ್ಯಾಲೇ ನನ್ನ ಡಿಗ್ರಿ ನಿಂತೈತ್ರಿ,” ಎಂದೆ. “ಧಾರವಾಡದಾಗ ದೊಡ್ಡ ದೊಡ್ಡವರು ಇವನ್ನ ಓದ್ತಾರ. ನೀವು ಬರೀಲಿಲ್ಲಂದ್ರ ನಾ ಫೇಲ್ ಆಕ್ಕೇನಿ.” ಸಂಶೋಧನಾ ವಿಧಾನದ ಪುಸ್ತಕಗಳಲ್ಲಿ ಎಂದೂ ಹೇಳಬಾರದು ಎಂದಿರುವ ಮಾತು ಅದು. ಅದೇ ಪಾಠವನ್ನು ನಾನು ಕಾಲೇಜಿನಲ್ಲಿ ಹುಡುಗಿಯರಿಗೆ ಕಲಿಸುತ್ತೇನೆ.

ಮುಂದಿನ ವಾರದಿಂದ ಡೈರಿಗಳು ತುಂಬಿದವು. ಒಂದು ದಿನವೂ ಬಿಟ್ಟಿರಲಿಲ್ಲ. ಅಷ್ಟೇ ಅಲ್ಲ, ಒಳಗಿನ ಸಂಗತಿಯೂ ಬದಲಾಗತೊಡಗಿತು. ಸೀರೆಯ ಅಂಗಡಿ, ಅತ್ತೆ ಸೊಸೆಯರ ಜಗಳ, ನಗೆಚಟಾಕಿ, ಗೊರಸು ಎಲ್ಲ ಕಡಿಮೆಯಾಗುತ್ತ ಬಂದು, ಮಣ್ಣು ಪರೀಕ್ಷೆ, ರಕ್ತಹೀನತೆ, ಮಕ್ಕಳ ಪೌಷ್ಟಿಕ ಆಹಾರ, ಪ್ರವಚನ, ಉಳಿತಾಯದ ಮಹತ್ವ ಇವು ಹೆಚ್ಚಾದವು. ‘ತಾನಾಗಿ ಬಂತು’ ಎಂಬ ಕಡೆ ಗುರುತು. ‘ಏನನಿಸಿತು’ ಎಂಬಲ್ಲಿ ‘ಬಹಳ ಉಪಯುಕ್ತ ಅನಿಸಿತು’. ಅವನ್ನೆಲ್ಲ ಲೆಕ್ಕ ಹಾಕಿ ನಕ್ಷೆ ಬರೆದಾಗ ಒಂದು ಗೆರೆ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಯಿತು. ನನ್ನ ಇಡೀ ಬದುಕಿನಲ್ಲಿ ಅಷ್ಟು ಸಲೀಸಾಗಿ ಏರಿದ್ದು ಬೇರೇನೂ ಇಲ್ಲ.

ಮಾರ್ಗದರ್ಶಕರು ಆ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಛಲೋ ಬಂದದವಾ ಇದು. ಫೋನು ಮಂದಿಯನ್ನ ಕೆಡಸ್ತದ ಅಂತ ಎಲ್ಲಾರೂ ಬರೀತಾರ. ನಿನ್ನ ವೀಕ್ಷಕರು ಮನರಂಜನೆಯಿಂದ ಜ್ಞಾನದ ಕಡೆ ಹೊಂಟಾರ. ಇದೇ ನಿನ್ನ ಮುಖ್ಯ ಅಧ್ಯಾಯ.” ಅಂದು ನಾನು ಬಸ್ಸಿನಲ್ಲಿ ಕೂತು ಕಿಟಕಿಗೆ ತಲೆ ಆನಿಸಿ ಊರು ಬರುವವರೆಗೂ ನಿದ್ದೆ ಮಾಡಿದೆ. ಅಂಥ ನಿದ್ದೆ ಬಹಳ ದಿನಗಳಿಂದ ಬಂದಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಮಂಗಳವಾರ ಕಾಲೇಜಿಗೆ ಇದ್ದಕ್ಕಿದ್ದಂತೆ ರಜೆ ಬಿತ್ತು. ಎರಡು ಒಪ್ಪಿಗೆ ಪತ್ರಗಳಿಗೆ ಸಹಿ ಬಾಕಿ ಇತ್ತು. ಹೇಳದೆ ಕೇಳದೆ ಕುಬಿಹಾಳಕ್ಕೆ ಹೋದೆ. ಆಯಿಯ ಪಡಸಾಲೆಯಲ್ಲಿ ಈಗ ಬಿತ್ತನೆಗೆ ಶೇಂಗಾ ಒಡೆಯುವ ಕೆಲಸ. ಏಳೆಂಟು ಹೆಂಗಸರು ಗುಂಪಾಗಿ ಕೂತು ಯಾರದೋ ಮದುವೆಯ ಮಾತಿನಲ್ಲಿ ಮುಳುಗಿದ್ದರು. ಫೋನು ಎಂದಿನಂತೆ ಕೊಡಕ್ಕೆ ಆನಿಸಿತ್ತು. ಅದರಲ್ಲಿ ಕನ್ನಡಕದ ವಿಜ್ಞಾನಿಯೊಬ್ಬರು ಎರೆಹುಳು ಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ಎಲ್ಲರೂ ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ಆಯಿಯೂ ಕೂಡ.

ನನ್ನನ್ನು ನೋಡಿ ಸೊಸೆ ಎದ್ದು ನಿಂತಳು. “ಅಯ್ಯ, ಅಕ್ಕೋರ, ಇವತ್ತ ಬರ್ತೀರಂತ ಹೇಳಿರಲಿಲ್ಲಲ್ರಿ.” ಎಲ್ಲರೂ ತಟ್ಟನೆ ಫೋನಿನ ಕಡೆ ತಿರುಗಿ ಕೂತರು. ಶಾಲೆಯಲ್ಲಿ ಸಾಹೇಬರು ಒಳಗೆ ಬಂದಾಗ ಮಕ್ಕಳು ಪುಸ್ತಕ ತೆರೆಯುವಂತೆ. ಆಯಿಗೆ ಮಾತ್ರ ಆ ನಾಟಕ ಸಾಕಾಗಿತ್ತು.

“ಇನ್ನ ಎಷ್ಟ ದಿನಾ ಹಚ್ಚಬೇಕ್ರಿ ಅಕ್ಕೋರ ಇಂವನ್ನ?” ಎಂದಳು, ವಿಜ್ಞಾನಿಯ ಕಡೆ ಗದ್ದ ತೋರಿಸಿ. “ಮುಂಜಾನಿಂದ ಮಾತಾಡಾಕತ್ತಾನ. ಒಂದು ಉಸರ ಬಿಡಂಗಿಲ್ಲ.”

ಸೊಸೆ “ಅತ್ತೀ!” ಎಂದು ಕಣ್ಣು ಬಿಟ್ಟಳು. ನಾನು ಬಾಗಿಲ ಬಳಿಯ ಚೀಲದ ಮೇಲೆ ಕೂತೆ. ಇಷ್ಟವಿಲ್ಲದ ವಿಡಿಯೋ ಯಾಕೆ ಹಚ್ಚಿಡುತ್ತೀರಿ ಎಂದು ಕೇಳಿದೆ. ಸೊಸೆಯೇ ಹೇಳಿದಳು. ನಾನು ಸಿಟ್ಟಿನಿಂದ ಮಾತಾಡಿ ಹೋದ ಆ ಶನಿವಾರ ಸಂಜೆ ಅವರೆಲ್ಲ ಇಲ್ಲೇ ಕೂತು ವಿಚಾರ ಮಾಡಿದ್ದರಂತೆ. ಧಾರವಾಡದ ದೊಡ್ಡವರು ಓದುತ್ತಾರೆ ಎಂದರೆ, ಇಂಥ ಹಲ್ಕಾ ವಿಡಿಯೋ ನೋಡುವ ಮಂದಿಯನ್ನು ಹುಡುಕಿಕೊಂಡು ಹೋಗಿದ್ದಾಳೆ ಎಂದು ನನ್ನನ್ನು ಫೇಲ್ ಮಾಡಿದರೆ? ಯಾವುದು ಒಳ್ಳೆಯ ವಿಡಿಯೋ ಎಂದು ಸೊಸೆ ಪಟ್ಟಿ ಮಾಡಿದಳು. ಮೊದಲು ಹುಡುಕಿ ಹಚ್ಚಿದರು. ಆಮೇಲೆ ಹುಡುಕುವುದೇ ಬೇಕಾಗಲಿಲ್ಲ, ಅವೇ ಬರತೊಡಗಿದವು. ಸುಳ್ಳು ಬರೆಯಬಾರದು ಎಂದು ನಾನು ಹೇಳಿದ್ದೆನಲ್ಲ, ಅದಕ್ಕೇ ಖರೇ ಖರೇ ಹಚ್ಚಿ, ಪೂರಾ ಮುಗಿಯುವವರೆಗೆ ಬಿಟ್ಟು, ಡೈರಿಯಲ್ಲಿ ಬರೆದಿದ್ದರು. ತಮಗೆ ಬೇಕಾದದ್ದನ್ನು ಯಾರೂ ಕದ್ದು ಸಹ ನೋಡಿರಲಿಲ್ಲ.

“ಆದ್ರ ನನಗ ಬೇಕಾಗಿದ್ದು ನೀವು ಸುಮ್ನ ಏನ್ ನೋಡ್ತೀರಿ ಅನ್ನೂದು,” ಎಂದೆ.

ಆಯಿ ಶೇಂಗಾ ಒಡೆಯುವುದನ್ನು ನಿಲ್ಲಿಸಿದಳು. “ಕನ್ಯಾ ನೋಡಾಕ ಬೀಗರು ಬಂದಾಗ ಮನಿಯಾಗ ಹರಕ ಚಾಪಿ ಹಾಸತೇವೇನ್ರಿ? ಬಾಜು ಮನಿ ಜಮಖಾನಿ ತರತೇವಿ. ಚಾ ಕೊಡಾಕ ಆಚಿ ಮನಿ ಸ್ಟೀಲ್ ವಾಟೆ ತರತೇವಿ. ಹುಡುಗಿಗೆ ಒಲಿ ಹಚ್ಚಾಕ ಬರದಿದ್ರೂ ಎಲ್ಲಾ ಅಡಗಿ ಬರತೈತಿ ಅಂತ ಓಣಿ ಮಂದೆಲ್ಲ ಹೇಳತೇವಿ. ನೀವು ನಮ್ಮ ಹುಡುಗಿ. ನಿಮ್ಮನ್ನ ನೋಡಾಕ ಧಾರವಾಡದವರು ಬರಾವ್ರಿದ್ರು. ನಾವು ಜಮಖಾನಿ ಹಾಸಿದ್ವಿ.”

ನನ್ನನ್ನು ಕನ್ಯಾ ನೋಡಲು ಬಂದಾಗ ನಮ್ಮ ಮನೆಯಲ್ಲೂ ಹೀಗೇ ಜಮಖಾನೆ ಹಾಸಿದ್ದರು. ಆ ಸಂಬಂಧಗಳು ಯಾವುವೂ ಕೂಡಿ ಬರಲಿಲ್ಲ ಎನ್ನುವುದು ಬೇರೆ ಮಾತು. ಚಹಾ ಕುಡಿದು ಎದ್ದೆ. ಬಾಗಿಲಿಗೆ ಬಂದಾಗ ಆಯಿ ಕರೆದಳು. “ನಿಮ್ಮ ಕೆಲಸ ಮುಗೀತಂದ್ರ ನನ್ನ ಆಕಳ ತಿರುಗಿ ತರಸ್ರಿ ಅಕ್ಕೋರ. ಐದು ತಿಂಗಳಾತು. ಈಗ ಬ್ಯಾಡಂದ್ರೂ ಈ ಎರಿಹುಳದಾಂವಽ ಬರ್ತಾನ.”

ಅವಳ ಫೋನು ತೆಗೆದುಕೊಂಡು ಹುಡುಕಿದೆ. ಗೊರಸು ಎಂದು ಕನ್ನಡದಲ್ಲಿ ಬರೆದರೆ ಕಾಲುಬಾಯಿ ರೋಗದ ಮೇಲೆ ಉಪನ್ಯಾಸ ಬಂತು. ಇಂಗ್ಲಿಷಿನಲ್ಲಿ ಬರೆದರೆ ಬೇರೆ ಯಾರೋ ಬಂದ. “ಇಂವಲ್ರಿ. ನಮ್ಮಾಂವಗ ಗಡ್ಡ ಐತಿ.” ಇನ್ನೊಬ್ಬ ಬಂದ. “ಇಂವಾ ಭಾಳ ಅವಸರ ಮಾಡ್ತಾನ.” ಅರ್ಧ ಗಂಟೆ ಹುಡುಕಿ ಸೋತೆ. ವೀಕ್ಷಕರ ಅನುಭವದಲ್ಲಿ ಡಾಕ್ಟರ್ ಆಗಲು ಹೊರಟವಳಿಗೆ ಒಬ್ಬ ಮುದುಕಿಯ ಒಂದು ವಿಡಿಯೋ ಹುಡುಕಿಕೊಡಲು ಆಗಲಿಲ್ಲ.

ಮಾರ್ಗದರ್ಶಕರಿಗೆ ಎಲ್ಲ ಹೇಳಿದೆ. ಅವರು ಕ್ಯಾಲೆಂಡರ್ ಕಡೆ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ನನ್ನಷ್ಟೇ ದಣಿದವರು. “ಡೈರಿಯೊಳಗ ಏನ ಬರದದ, ಅದು ಖರೇ ಅದನೋ ಇಲ್ಲೋ?” ಎಂದು ಕೇಳಿದರು. ಅವರು ಅದನ್ನೇ ಹಚ್ಚಿದ್ದು ಖರೆ ಎಂದೆ. “ಹಂಗಾರ ಅಷ್ಟಽ ಬರಿ. ಯಾಕ ಹಚ್ಚಿದ್ರು ಅಂತ ನಿನ್ನನ್ನ ಯಾರೂ ಕೇಳೂದಿಲ್ಲ. ಹೊಸಾ ಮಾಹಿತಿ ಕೂಡಸ್ಲಿಕ್ಕೆ ನಿನಗೂ ಟೈಮಿಲ್ಲ, ನನಗೂ ಇಲ್ಲ. ಮುಗಸವಾ, ಸಾಕು.” ಸಾಕು ಎನ್ನುವ ಮಾತು ಎಷ್ಟು ಹಿತವಾಗಿತ್ತೆಂದರೆ ನಾನು ತಲೆಯಾಡಿಸಿದೆ. ಜೂನ್ ಪೂರ್ತಿ ಆ ಅಧ್ಯಾಯವನ್ನು ತೆರೆದಿಟ್ಟುಕೊಂಡು ಕೂತೆ. ಒಂದು ಸಾಲು ಬರೆದು ಎರಡು ಅಳಿಸುತ್ತಿದ್ದೆ. ನಡುನಡುವೆ ನನ್ನ ಫೋನಿನಲ್ಲಿ ಗಡ್ಡದವನನ್ನು ಹುಡುಕುತ್ತಿದ್ದೆ. ಜುಲೈ ಮೊದಲ ವಾರ ಬಸ್ಸಿನಲ್ಲಿ ಕೂತು ಹುಡುಕುವಾಗ ಸಿಕ್ಕ.

ಅದೇ ಶನಿವಾರ ಕುಬಿಹಾಳಕ್ಕೆ ಹೋದೆ. ಮಳೆ ಬಿದ್ದು ಹೊಲದ ಕೆಲಸ ಹತ್ತಿದ್ದರಿಂದ ಓಣಿ ಖಾಲಿ. ಮೊಣಕಾಲು ನೋವೆಂದು ಆಯಿ ಒಬ್ಬಳೇ ಮನೆಯಲ್ಲಿದ್ದಳು. ನನ್ನ ಫೋನನ್ನು ಅವಳ ಕೊಡಕ್ಕೆ ಆನಿಸಿ ಹಚ್ಚಿದೆ. ಅವಳು ಮುಂದೆ ಬಾಗಿ ನೋಡಿದಳು. ಆಕಳ ಕಾಲು ಕೆಳಗಿಳಿದಾಗ ಉಸಿರು ಬಿಟ್ಟಳು. ವಿಡಿಯೋ ಮುಗಿದ ಮೇಲೆ ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿ ಮುಂದಿನದನ್ನು ಹುಡುಕತೊಡಗಿದಳು. ನನ್ನ ಫೋನು ನನಗಾಗಿ ಆರಿಸಿಟ್ಟದ್ದೆಲ್ಲ ಒಂದೊಂದಾಗಿ ಅವಳ ಮುಂದೆ ಬಂತು: ಕಣ್ಣು ಮುಚ್ಚಿ ಮಲಗಿದ ಹೆಂಗಸು, ಸೊಂಟ ಹಿಡಿದುಕೊಂಡ ಹೆಂಗಸು, ಮತ್ತೆ ಮಲಗಿದವಳು, ಎರಡೂ ಕೈಯಲ್ಲಿ ತಲೆ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತವಳು, ಕಿಟಕಿಯಾಚೆ ಮಳೆ, ಮತ್ತೆ ಮಲಗಿದವಳು.

“ನಿಮ್ಮ ಫೋನಿನ್ಯಾಗ ಎಲ್ಲಾರೂ ಮಕ್ಕೊಂಡಾರಲ್ರಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ನಿದ್ದಿ ಹತ್ತವಲ್ದೇನ್ರಿ ನಿಮಗ?”

ಆರು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ನಾನು ಹದಿನಾಲ್ಕು ಮಂದಿಯ ಫೋನು ಇಣುಕಿ ನೋಡಿದ್ದೆ. ನನ್ನದನ್ನು ನೋಡಿದವಳು ಇವಳೊಬ್ಬಳು. ಓದು ಬಾರದವಳು, ಚಿತ್ರ ನೋಡಿ ಹೇಳಿಬಿಟ್ಟಳು. ನನಗೆ ಅಳು ಬಂತು, ಅತ್ತೆ. ಅತ್ತು ಮುಗಿದ ಮೇಲೆ ಅಧ್ಯಾಯದ ಸಂಗತಿ ಹೇಳಿದೆ.

“ಹಂಗಽ ಬರದ್ರ ಪಾಸ್ ಆಕ್ಕೀರಿ?”

“ಆಕ್ಕೇನಿ.”

“ನಾವು ನಾಟಕಾ ಮಾಡಿದ್ವಿ ಅಂತ ಬರದ್ರ?”

“ಗೊತ್ತಿಲ್ಲ ಆಯಿ.”

ಅವಳು ವಿಚಾರ ಮಾಡುವುದಕ್ಕೆ ಹೊತ್ತೇ ತೆಗೆದುಕೊಳ್ಳಲಿಲ್ಲ. “ಹಂಗಾರ ಹಂಗಽ ಬರೀರಿ. ನಾವೇನ್ ಯಾರ ಮುಂದೂ ಹೇಳಂಗಿಲ್ಲ. ನಾ ಸಾಯೂತನಾ ಎರಿಹುಳದಾಂವನ್ನಽ ನೋಡ್ತೇನಂತ ಬೇಕಾರ ಬರೀರಿ.”

ಅವಳು ಬೇಡ ಎಂದಿದ್ದರೆ, ನ್ಯಾಯ ನೀತಿ ಎಂದು ಏನಾದರೂ ಬೋಧಿಸಿದ್ದರೆ, ನಾನು ಬಹುಶಃ ಮಾರ್ಗದರ್ಶಕರ ಮಾತನ್ನೇ ಕೇಳುತ್ತಿದ್ದೆ. ಬರಿ ಎಂದಳಲ್ಲ, ಅದಕ್ಕೇ ಬರೆಯಲು ಆಗಲಿಲ್ಲ. ಏರುವ ಗೆರೆಯ ನಕ್ಷೆಯನ್ನು ತೆಗೆದುಹಾಕಿದೆ. ಅಧ್ಯಾಯದ ಮೊದಲ ಸಾಲು ಹೀಗೆ ಬರೆದೆ: ‘ಈ ಅಧ್ಯಯನದ ವೀಕ್ಷಕರು, ಸಂಶೋಧಕಿ ಪಾಸಾಗಲೆಂದು, ತಮಗೆ ಇಷ್ಟವಾದದ್ದನ್ನು ಐದು ತಿಂಗಳು ನೋಡದೆ ಬಿಟ್ಟರು.’ ಮಾರ್ಗದರ್ಶಕರು ಓದಿ, ‘ಪಾಸಾಗಲೆಂದು’ ಎನ್ನುವುದು ಪ್ರಬಂಧದ ಭಾಷೆಯಲ್ಲ ಎಂದರು. ಬದಲಿಸಲು ಬೇರೆ ಮಾತು ಅವರಿಗೂ ಹೊಳೆಯಲಿಲ್ಲ. ಹದಿನೈದು ದಿನ ಇಟ್ಟುಕೊಂಡು, ಗಡುವಿನ ಹಿಂದಿನ ದಿನ ಸಹಿ ಮಾಡಿದರು.

ಮೊನ್ನೆ ಮೊದಲ ಪರೀಕ್ಷಕರ ವರದಿ ಬಂತು. ಮಾಹಿತಿ ಸಂಗ್ರಹದಲ್ಲಿ ಗಂಭೀರ ದೋಷವಿದೆ, ತಿದ್ದಿ ಮತ್ತೆ ಸಲ್ಲಿಸಬೇಕು ಎಂದಿದ್ದಾರೆ. ಆ ದೋಷದ ಬಗ್ಗೆಯೇ ನಾನು ಒಂದು ಇಡೀ ಅಧ್ಯಾಯ ಬರೆದಿದ್ದೆ. ಜಗಳ ಮಾಡುವಷ್ಟು ತ್ರಾಣ ಉಳಿದಿಲ್ಲ. ಆ ಶನಿವಾರ ಸುಮ್ಮನೆ ಕುಬಿಹಾಳಕ್ಕೆ ಹೋದೆ. ಮತ್ತೆ ಮೆಣಸಿನಕಾಯಿಯ ಹಂಗಾಮು, ಬಾಗಿಲಲ್ಲೇ ಸೀನು ಬಂತು. ಆಯಿಯ ಫೋನು ಕೊಡಕ್ಕೆ ಆನಿಸಿತ್ತು. ಅದರಲ್ಲಿ, ಜುಲೈಯಲ್ಲಿ ನಾನು ಹಚ್ಚಿಕೊಟ್ಟು ಬಂದಿದ್ದ ಗಡ್ಡದವನಿದ್ದ.

“ಪಾಸ್ ಆದ್ರೇನ್ರಿ?” ಎಂದಳು.

“ಇನ್ನೂ ಇಲ್ಲ ಆಯಿ. ಇನ್ನೊಂದ ಸಲ ಬರೀರಿ ಅಂದಾರ.”

ಅವಳ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು, ಫೋನಿನ ಕಡೆ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

“ಹಂಗಾರ ಇದನ್ನ ಬಂದ್ ಮಾಡ್ಲೇನ್ರಿ?”

“ಬ್ಯಾಡ ಆಯಿ, ಇರ್ಲಿ,” ಎಂದು ಅವಳ ಬಾಜು ಕೂತು, ಒಂದು ಹಿಡಿ ಮೆಣಸಿನಕಾಯಿ ಮಡಿಲಿಗೆ ಎಳೆದುಕೊಂಡೆ. ಗಡ್ಡದವನು ಇನ್ನೊಂದು ಕಾಲು ಎತ್ತಿಕೊಂಡಿದ್ದ.